ಚಿನ್ನಿ ತಲೆ ತಗ್ಗಿಸಿದ್ದು ತಪ್ಪೊಪ್ಪಿಗೆಯಲ್ಲ

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ಮ ಮನೆಯಲ್ಲಿ ಎರಡು ನಾಯಿ, ಒಂದು ಬೆಕ್ಕು ಇದ್ದವು. ದೊಡ್ಡವನು ಟೈಗರ್, ಹನ್ನೆರಡು ವರ್ಷದವನು, ಮೂರು ವಾರದ ಹಿಂದೆ ತೀರಿಕೊಂಡ. ಚಿಕ್ಕವಳು ಚಿನ್ನಿಗೆ ಐದು ವರ್ಷ. ಅಂದಿನಿಂದ ಅವಳು ಸರಿಯಾಗಿ ತಿನ್ನುತ್ತಿಲ್ಲ. ಟೈಗರ್ ಮಲಗುತ್ತಿದ್ದ ಹಾಸಿಗೆಯ ಮೇಲೆ ಹೋಗಿ ಬಿದ್ದುಕೊಳ್ಳುತ್ತಾಳೆ. ನಾವು ಕೆಲಸಕ್ಕೆ ಹೋದಾಗ ಚಪ್ಪಲಿ, ದಿಂಬು ಎಲ್ಲ ಕಚ್ಚಿ ಹಾಕುತ್ತಾಳೆ. ಬಂದು ಬೈದರೆ ತಲೆ ತಗ್ಗಿಸಿ, ಬಾಲ ಮುದುರಿ, ತಪ್ಪು ಒಪ್ಪಿಕೊಂಡವಳ ಹಾಗೆ ನಿಲ್ಲುತ್ತಾಳೆ. ಮರುದಿನ ಮತ್ತೆ ಅದನ್ನೇ ಮಾಡುತ್ತಾಳೆ. ತಪ್ಪು ಅಂತ ಗೊತ್ತಿದ್ದೂ ಯಾಕೆ ಹೀಗೆ? ಬೆಕ್ಕು ಮಾತ್ರ ಏನೂ ಆಗದ ಹಾಗಿದೆ. ನಮ್ಮ ಅಣ್ಣ, "ಪ್ರಾಣಿಗಳಿಗೆ ದುಃಖ, ಬೇಜಾರು ಅಂತೆಲ್ಲ ಇರಲ್ಲ, ನೀನೇ ಸುಮ್ನೆ ಕಲ್ಪಿಸಿಕೊಳ್ತಿದ್ದೀಯ" ಅನ್ನುತ್ತಾನೆ. ನಿಜವಾ? ಇನ್ನೊಂದು ನಾಯಿ ತಂದರೆ ಚಿನ್ನಿ ಸರಿಹೋಗುತ್ತಾಳಾ?

ಉತ್ತರ: ಟೈಗರ್ ಹೋದದ್ದು ಓದಿ ಮನಸ್ಸಿಗೆ ನೋವಾಯಿತು. ಹನ್ನೆರಡು ವರ್ಷ ಜೊತೆಗಿದ್ದ ಜೀವ ಅದು. ನಿಮಗೂ ಮನೆ ಖಾಲಿ ಅನ್ನಿಸುತ್ತಿರುತ್ತದೆ.

ಬೇರೆ ಮಾತಿಗೆ ಮುಂಚೆ ಒಂದು ಕೆಲಸ ಮಾಡಿ. ಚಿನ್ನಿಯನ್ನು ನಿಮ್ಮ ಪಶುವೈದ್ಯರಿಗೆ ತೋರಿಸಿ. ಮೂರು ವಾರ ಸರಿಯಾಗಿ ತಿನ್ನದಿರುವುದು ಸಣ್ಣ ವಿಷಯವಲ್ಲ. ದುಃಖ ಮತ್ತು ಕಾಯಿಲೆ ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಮಂಕಾಗಿರುವುದು, ತಿನ್ನದಿರುವುದು, ಆಟ ಬಿಡುವುದು ಇವೆಲ್ಲ ಹಲ್ಲುನೋವಿನಲ್ಲೂ ಇರುತ್ತವೆ, ಹೊಟ್ಟೆಯ ತೊಂದರೆಯಲ್ಲೂ ಇರುತ್ತವೆ, ಉಣ್ಣೆ ಕಚ್ಚಿ ಬರುವ ಜ್ವರದಲ್ಲೂ ಇರುತ್ತವೆ. ಟೈಗರ್ ಅಂಟುಜಾಡ್ಯದಿಂದ ಹೋಗಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. "ಪಾಪ, ಅಣ್ಣನ ನೆನಪಲ್ಲಿ ಸೊರಗಿದ್ದಾಳೆ" ಅಂದುಕೊಂಡು ತಿಂಗಳುಗಟ್ಟಲೆ ಕಾದು, ಕೊನೆಗೆ ಕಿಡ್ನಿ ಕೆಟ್ಟಿರುವುದು ಗೊತ್ತಾದ ಪ್ರಾಣಿಗಳನ್ನು ನಾನು ನೋಡಿದ್ದೇನೆ. ದೇಹ ಚೆನ್ನಾಗಿದೆ ಎಂದು ಖಾತ್ರಿಯಾದ ಮೇಲೆ ಮನಸ್ಸಿನ ಮಾತು.

ಈಗ ನಿಮ್ಮ ಅಣ್ಣನ ವಿಷಯಕ್ಕೆ ಬರೋಣ. ಅವರ ಮಾತು ಹಳೆಯದು. 17ನೇ ಶತಮಾನದಲ್ಲಿ ಫ್ರಾನ್ಸಿನ ತತ್ವಜ್ಞಾನಿ ದೆಕಾರ್ತ್ ಪ್ರಾಣಿಗಳನ್ನು ಗಡಿಯಾರದಂಥ ಯಂತ್ರಗಳಿಗೆ ಹೋಲಿಸಿದ್ದರು. 1872ರಲ್ಲಿ ಚಾರ್ಲ್ಸ್ ಡಾರ್ವಿನ್ ಇದಕ್ಕೆ ತದ್ವಿರುದ್ಧವಾಗಿ ಬರೆದರು. ಹೆದರಿದ ನಾಯಿ, ಸಿಟ್ಟಾದ ಬೆಕ್ಕು, ಅಳುವ ಮಗು ಇವರೆಲ್ಲರ ಮೈಮುಖದಲ್ಲಿ ಕಾಣುವ ಬದಲಾವಣೆಗಳಿಗೆ ಒಂದೇ ಬೇರು ಇದೆ ಎಂದರು. ಆದರೂ 20ನೇ ಶತಮಾನದ ಬಹುಭಾಗ ವಿಜ್ಞಾನಿಗಳು ಈ ಮಾತು ಎತ್ತಲು ಹಿಂಜರಿದರು. ನಡವಳಿಕೆಯನ್ನು ಅಳೆಯಬಹುದು, ಒಳಗೆ ಏನಾಗುತ್ತಿದೆ ಎಂದು ಅಳೆಯಲಾಗದು, ಆದ್ದರಿಂದ ಅದರ ಬಗ್ಗೆ ಮಾತೇ ಬೇಡ ಎಂಬುದು ಅವರ ನಿಲುವು.

ಆ ಗೋಡೆ ಒಡೆದವರಲ್ಲಿ ಯಾಕ್ ಪ್ಯಾಂಕ್ಸೆಪ್ ದೊಡ್ಡ ಹೆಸರು. ಎಸ್ಟೋನಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಮಿದುಳು ವಿಜ್ಞಾನಿ. ಸಸ್ತನಿಗಳ ಮಿದುಳಿನ ಆಳದಲ್ಲಿ ಏಳು ಮೂಲ ಭಾವನೆಗಳ ಜಾಲಗಳಿವೆ ಎಂದು ಅವರು ಗುರುತಿಸಿದರು. ಹುಡುಕಾಟದ ಹುಮ್ಮಸ್ಸು, ಸಿಟ್ಟು, ಭಯ, ಕಾಮ, ಮಮತೆ, ಅಗಲಿಕೆಯ ಸಂಕಟ, ಆಟ. ಇವು ಮಿದುಳಿನ ಹೊರಪದರದಲ್ಲಿ ಇಲ್ಲ. ತುಂಬಾ ಹಳೆಯ, ಕೆಳಗಿನ ಭಾಗಗಳಲ್ಲಿವೆ. ಆ ಭಾಗಗಳ ರಚನೆ ನಮ್ಮಲ್ಲೂ ನಾಯಿಯಲ್ಲೂ ಇಲಿಯಲ್ಲೂ ಹೆಚ್ಚುಕಡಿಮೆ ಒಂದೇ. ಇಲಿಗಳಿಗೆ ಕಚಗುಳಿ ಇಟ್ಟರೆ ಅವು ಸುಮಾರು 50 ಕಿಲೋಹರ್ಟ್ಸ್‌ನಲ್ಲಿ ಚಿಲಿಪಿಲಿ ಸದ್ದು ಮಾಡುತ್ತವೆ ಎಂದು ಪ್ಯಾಂಕ್ಸೆಪ್ ತೋರಿಸಿದರು. ನಮ್ಮ ಕಿವಿಗೆ 20 ಕಿಲೋಹರ್ಟ್ಸ್ ದಾಟಿದ್ದು ಕೇಳುವುದಿಲ್ಲ. ಅವು ಅಷ್ಟು ಕಾಲ ನಗುತ್ತಿದ್ದರೂ ನಮಗೆ ಕೇಳಿಸಿರಲಿಲ್ಲ. ನನಗೆ ಈ ವಿಷಯ ಯೋಚಿಸಿದಾಗೆಲ್ಲ ಮೈ ಜುಮ್ಮೆನ್ನುತ್ತದೆ.

2012ರ ಜುಲೈ 7ರಂದು ಕೇಂಬ್ರಿಜ್‌ನಲ್ಲಿ ಸೇರಿದ ಮಿದುಳು ವಿಜ್ಞಾನಿಗಳ ಒಂದು ಗುಂಪು ಲಿಖಿತವಾಗಿಯೇ ಘೋಷಿಸಿತು. ಪ್ರಜ್ಞೆ ಹುಟ್ಟಿಸುವ ನರಜಾಲ ಮನುಷ್ಯರ ಸ್ವತ್ತಲ್ಲ, ಸಸ್ತನಿಗಳಲ್ಲೂ ಹಕ್ಕಿಗಳಲ್ಲೂ ಅದು ಇದೆ ಎಂದು. ಹಾಗಾಗಿ ಅಣ್ಣನಿಗೆ ಧೈರ್ಯವಾಗಿ ಹೇಳಿ, ಚಿನ್ನಿಗೆ ಭಾವನೆ ಇದೆ.

ಆದರೆ ಅವರ ಮಾತಿನಲ್ಲಿ ಅರ್ಧ ನಿಜವೂ ಇದೆ. ನಾವು ಕಲ್ಪಿಸಿಕೊಳ್ಳುತ್ತೇವೆ. ಪ್ರಾಣಿಗೆ ಭಾವನೆ ಇದೆ ಎಂಬುದು ಕಲ್ಪನೆಯಲ್ಲ. ಆ ಕ್ಷಣದಲ್ಲಿ ಇರುವುದು ಯಾವ ಭಾವನೆ ಎಂಬಲ್ಲಿ ನಾವು ಎಡವುತ್ತೇವೆ. ಚಿನ್ನಿಯ "ತಪ್ಪೊಪ್ಪಿಗೆ" ಅದಕ್ಕೆ ಸರಿಯಾದ ಉದಾಹರಣೆ.

2009ರಲ್ಲಿ ನ್ಯೂಯಾರ್ಕಿನ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಸ್ 14 ನಾಯಿಗಳ ಜೊತೆ ಒಂದು ಪ್ರಯೋಗ ಮಾಡಿದರು. ಮಾಲೀಕರು ನಾಯಿಯ ಮುಂದೆ ತಿಂಡಿ ಇಟ್ಟು, "ತಿನ್ನಬೇಡ" ಎಂದು ಹೇಳಿ ಹೊರಗೆ ಹೋಗಬೇಕು. ಆಮೇಲೆ ಕೆಲವು ಸಲ ನಾಯಿ ತಿಂಡಿ ತಿನ್ನುತ್ತಿತ್ತು, ಕೆಲವು ಸಲ ತಿನ್ನುತ್ತಿರಲಿಲ್ಲ. ವಾಪಸ್ ಬಂದ ಮಾಲೀಕರಿಗೆ ಕೆಲವೊಮ್ಮೆ ನಿಜ ಹೇಳಿದರು, ಕೆಲವೊಮ್ಮೆ ಸುಳ್ಳು ಹೇಳಿದರು. ತಿಂದಿದೆ ಎಂದು ನಂಬಿದ ಮಾಲೀಕರು ಬೈದರು. ತಿಂದಿಲ್ಲ ಎಂದು ನಂಬಿದವರು ಪ್ರೀತಿಯಿಂದ ಮಾತಾಡಿಸಿದರು.

ನಾಯಿ ತಿಂದಿತ್ತೋ ಇಲ್ಲವೋ ಎಂಬುದಕ್ಕೂ ಆ ತಪ್ಪಿತಸ್ಥ ಮುಖಕ್ಕೂ ಸಂಬಂಧವೇ ಇರಲಿಲ್ಲ. ಬೈಸಿಕೊಂಡಾಗ ನಾಯಿಗಳು ಆ ಮುಖ ಹೆಚ್ಚು ಮಾಡಿದವು. ಮಾತು ಕೇಳಿ ತಿಂಡಿ ಮುಟ್ಟದೆ ಕೂತಿದ್ದು, ಆಮೇಲೆ ಬೈಸಿಕೊಂಡ ನಾಯಿಗಳಲ್ಲಿ ಅದು ಎಲ್ಲಕ್ಕಿಂತ ಜಾಸ್ತಿ ಇತ್ತು. ಏನೂ ಮಾಡದವರೇ ಹೆಚ್ಚು ತಲೆ ತಗ್ಗಿಸಿದ್ದರು!

ಈಗ ನಿಮ್ಮ ಮನೆಯ ಬಾಗಿಲಲ್ಲಿ ನಿಂತ ಚಿನ್ನಿಯನ್ನು ನೋಡಿ. ತಗ್ಗಿದ ತಲೆ, ಮುದುರಿದ ಬಾಲ, ಹಿಂದಕ್ಕೆ ಒತ್ತಿಕೊಂಡ ಕಿವಿ, ಬೇರೆ ಕಡೆ ತಿರುಗಿದ ಕಣ್ಣು. ಇದೆಲ್ಲ ನಾಯಿಯ ಭಾಷೆಯಲ್ಲಿ ಒಂದೇ ಮಾತು: "ನನಗೆ ಹೆದರಿಕೆಯಾಗುತ್ತಿದೆ, ದಯವಿಟ್ಟು ಸಮಾಧಾನ ಮಾಡಿಕೊಳ್ಳಿ." ನಿಮ್ಮ ದನಿ, ನೀವು ನಿಂತ ಭಂಗಿ, ನಿಮ್ಮ ಮುಖ ಅವಳಿಗೆ ಚೆನ್ನಾಗಿ ಅರ್ಥವಾಗುತ್ತವೆ. ನೀವು ಬಾಯಿ ತೆರೆಯುವ ಮೊದಲೇ ಅವಳು ಹಾಗೆ ನಿಂತರೂ ಆಶ್ಚರ್ಯವಿಲ್ಲ. ಹರಿದ ದಿಂಬು ನೆಲದಲ್ಲಿದ್ದು, ನೀವು ಒಳಗೆ ಬಂದರೆ, ಮುಂದೆ ಏನಾಗುತ್ತದೆ ಎಂದು ನಿನ್ನೆ ಮೊನ್ನೆಯ ಅನುಭವ ಅವಳಿಗೆ ಕಲಿಸಿದೆ. ಮೂರು ಗಂಟೆ ಮೊದಲು ತಾನು ಕಚ್ಚಿದ್ದಕ್ಕೂ ಈಗಿನ ಬೈಗುಳಕ್ಕೂ ಅವಳು ಗಂಟು ಹಾಕುವುದಿಲ್ಲ. ಆದ್ದರಿಂದಲೇ ಮರುದಿನ ಮತ್ತೆ ಅದೇ ಆಗುತ್ತದೆ.

ಹಾಗಾದರೆ ಕಚ್ಚುವುದು ಯಾಕೆ? ಚಿನ್ನಿಗೆ ಐದು ವರ್ಷ. ಅಂದರೆ ಅವಳು ಮರಿಯಾಗಿ ಬಂದಾಗಿನಿಂದ ಟೈಗರ್ ಮನೆಯಲ್ಲೇ ಇದ್ದಾನೆ. ನೀವು ಕೆಲಸಕ್ಕೆ ಹೋದರೂ ಅವನು ಇರುತ್ತಿದ್ದ. ಬಹುಶಃ ಈ ಮೂರು ವಾರದಲ್ಲೇ ಅವಳು ಜೀವನದಲ್ಲಿ ಮೊದಲ ಸಲ ಬೇರೆ ನಾಯಿಯಿಲ್ಲದೆ ಇಷ್ಟು ಹೊತ್ತು ಇರುತ್ತಿದ್ದಾಳೆ. ಪ್ಯಾಂಕ್ಸೆಪ್ ಹೇಳಿದ ಆ ಅಗಲಿಕೆಯ ಸಂಕಟ ಇದೇ. ತಾಯಿಯಿಂದ ಬೇರಾದ ಮರಿಯನ್ನು ಕೂಗಿಸುವುದೂ ಅದೇ ಜಾಲ. ಆ ಸಂಕಟದಲ್ಲಿರುವ ನಾಯಿ ಬಾಗಿಲು ಪರಚುತ್ತದೆ, ಊಳಿಡುತ್ತದೆ, ಜೊಲ್ಲು ಸುರಿಸುತ್ತದೆ, ಅತ್ತಿಂದಿತ್ತ ತಿರುಗುತ್ತದೆ, ಕಚ್ಚುತ್ತದೆ. ಕಚ್ಚುವ ವಸ್ತುಗಳನ್ನೂ ಗಮನಿಸಿ. ಚಪ್ಪಲಿ, ದಿಂಬು. ನಿಮ್ಮ ಮೈವಾಸನೆ ಅತಿ ಹೆಚ್ಚು ಇರುವ ವಸ್ತುಗಳು. ಅದು ಸೇಡಲ್ಲ. ನಿಮ್ಮನ್ನು ಹುಡುಕುತ್ತಿದ್ದಾಳೆ.

ವಾಸನೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಅಮೆರಿಕದ ಎಮರಿ ವಿಶ್ವವಿದ್ಯಾಲಯದಲ್ಲಿ ಗ್ರೆಗರಿ ಬರ್ನ್ಸ್ ಮತ್ತು ಸಂಗಡಿಗರು ನಾಯಿಗಳಿಗೆ ಎಂಆರ್‌ಐ ಯಂತ್ರದೊಳಗೆ ಅಲ್ಲಾಡದೆ ಮಲಗುವುದನ್ನು ಕಲಿಸಿದರು. ಕಟ್ಟಿಹಾಕಿ ಅಲ್ಲ, ಮಂಪರು ಔಷಧಿ ಕೊಟ್ಟೂ ಅಲ್ಲ. ತಿಂಡಿ ಕೊಟ್ಟು, ಹೊಗಳಿ ಕಲಿಸಿದರು. ಬೇರೆ ಬೇರೆ ವಾಸನೆ ತೋರಿಸಿದಾಗ, ಸುಖದ ನಿರೀಕ್ಷೆಗೆ ಸ್ಪಂದಿಸುವ ಮಿದುಳಿನ ಭಾಗ ಎಲ್ಲಕ್ಕಿಂತ ಹೆಚ್ಚು ಚುರುಕಾದದ್ದು ಪರಿಚಿತ ಮನುಷ್ಯರ ವಾಸನೆಗೆ. ಪರಿಚಿತ ನಾಯಿಯ ವಾಸನೆಗಿಂತಲೂ ಹೆಚ್ಚಾಗಿ. ನೀವು ಎದುರಿಗೆ ಇರಬೇಕಾಗಿಯೂ ಇಲ್ಲ. ನಿಮ್ಮ ವಾಸನೆ ಸಾಕು. ಚಿನ್ನಿ ಟೈಗರ್ ಹಾಸಿಗೆಯ ಮೇಲೆ ಮಲಗುವುದಕ್ಕೂ ನಿಮ್ಮ ದಿಂಬು ಎಳೆದಾಡುವುದಕ್ಕೂ ಕಾರಣ ಬಹುಶಃ ಒಂದೇ.

ಈ ಸ್ಥಿತಿಯಲ್ಲಿ ಬೈದರೆ ಏನಾಗುತ್ತದೆ ಯೋಚಿಸಿ. ನೀವು ಹೋಗುವುದು ಅವಳಿಗೆ ಭಯ. ಈಗ ನೀವು ಬರುವುದೂ ಭಯ. ಇಡೀ ದಿನದಲ್ಲಿ ನೆಮ್ಮದಿಯ ಹೊತ್ತೇ ಉಳಿಯುವುದಿಲ್ಲ. ನಿಮ್ಮನ್ನು ದೂರುತ್ತಿಲ್ಲ, ಬಹಳ ಜನ ಪ್ರೀತಿಯಿಂದಲೇ ಈ ತಪ್ಪು ಮಾಡುತ್ತಾರೆ. 2020ರಲ್ಲಿ ಪೋರ್ಚುಗಲ್‌ನಲ್ಲಿ 92 ನಾಯಿಗಳ ಮೇಲೆ ನಡೆದ ಅಧ್ಯಯನದಲ್ಲಿ, ಗದರಿಸಿ, ಎಳೆದಾಡಿ ಕಲಿಸಿದ ನಾಯಿಗಳಲ್ಲಿ ಒತ್ತಡದ ಲಕ್ಷಣಗಳು ಹೆಚ್ಚಿದ್ದವು, ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನ್ ಕೂಡ ತರಬೇತಿಯ ನಂತರ ಹೆಚ್ಚು ಏರಿತ್ತು. ತಿಂಡಿ, ಆಟ, ಹೊಗಳಿಕೆಯಿಂದ ಕಲಿತ ನಾಯಿಗಳಲ್ಲಿ ಹಾಗಿರಲಿಲ್ಲ.

ಚಿನ್ನಿಯಂತೆ ಒಂಟಿಯಾದಾಗ ಕಚ್ಚಾಡುವ ನಾಯಿಗಳ ಮನಸ್ಸು ಹೇಗಿರುತ್ತದೆ ಎಂದು ಬ್ರಿಟನ್ನಿನ ಬ್ರಿಸ್ಟಲ್ ವಿಶ್ವವಿದ್ಯಾಲಯದವರು 2010ರಲ್ಲಿ ಜಾಣತನದಿಂದ ಪರೀಕ್ಷಿಸಿದ್ದರು. ಕೋಣೆಯ ಒಂದು ಬದಿಯಲ್ಲಿ ಬಟ್ಟಲಿಟ್ಟರೆ ಅದರಲ್ಲಿ ತಿಂಡಿ ಇರುತ್ತದೆ, ಇನ್ನೊಂದು ಬದಿಯಲ್ಲಿಟ್ಟರೆ ಖಾಲಿ. ನಾಯಿಗೆ ಇದು ಗೊತ್ತಾದ ಮೇಲೆ ಬಟ್ಟಲನ್ನು ನಡುವೆ ಇಟ್ಟರು. ಕೆಲವು ನಾಯಿಗಳು ಆಸೆಯಿಂದ ಓಡಿಹೋದವು. ಒಂಟಿ ಬಿಟ್ಟಾಗ ಕೂಗಾಡಿ, ಕಚ್ಚಾಡುತ್ತಿದ್ದ ನಾಯಿಗಳು ನಿಧಾನಕ್ಕೆ ಹೋದವು, ಅದರಲ್ಲಿ ಏನೂ ಇರುವುದಿಲ್ಲ ಎಂಬಂತೆ. ಅಂದರೆ ಕಚ್ಚಾಡುವ ನಾಯಿ ತುಂಟ ನಾಯಿ ಆಗಿರಬೇಕಿಲ್ಲ. ಅದರ ಮನಸ್ಸೇ ಕುಗ್ಗಿರಬಹುದು. ದಿಂಬು ಹರಿದದ್ದು ನೋಡಿ ಸಿಟ್ಟು ಬಂದಾಗ ಆ ನಡುವಿನ ಬಟ್ಟಲನ್ನು ನೆನಪು ಮಾಡಿಕೊಳ್ಳಿ.

ಇನ್ನು ದುಃಖದ ಮಾತು. ಜೊತೆಗಾರ ನಾಯಿಯನ್ನು ಕಳೆದುಕೊಂಡ ನಾಯಿಗಳ ಬಗ್ಗೆ ಇಟಲಿಯ ಸಂಶೋಧಕರು 426 ಮಾಲೀಕರನ್ನು ಪ್ರಶ್ನಿಸಿ 2022ರಲ್ಲಿ ವರದಿ ಮಾಡಿದರು. ಉಳಿದ ನಾಯಿಯ ನಡವಳಿಕೆ ಕೆಟ್ಟದಾಗಿ ಬದಲಾಯಿತು ಎಂದವರು ಶೇ. 86ರಷ್ಟು. ಆಟ ಕಡಿಮೆಯಾಯಿತು, ತಿನ್ನುವುದು ಕಡಿಮೆಯಾಯಿತು, ಭಯ ಹೆಚ್ಚಾಯಿತು, ಮನೆಯವರಿಗೆ ಅಂಟಿಕೊಳ್ಳುವುದು ಹೆಚ್ಚಾಯಿತು. ಎಷ್ಟು ವರ್ಷ ಜೊತೆಗಿದ್ದವು ಎಂಬುದಕ್ಕಿಂತ, ಎರಡರ ನಡುವೆ ಎಂಥ ನಂಟಿತ್ತು ಎಂಬುದೇ ಮುಖ್ಯವಾಗಿತ್ತು. ಸಾವು ಎಂದರೇನು ಎಂದು ಚಿನ್ನಿಗೆ ಗೊತ್ತಿರಬೇಕಿಲ್ಲ. ಟೈಗರ್ ಇಲ್ಲ ಎಂಬುದು ಗೊತ್ತಿದ್ದರೆ ಸಾಕು. ಬೆಳಿಗ್ಗೆ ಮೊದಲು ಎದ್ದು ಮೈಮುರಿಯುತ್ತಿದ್ದವನು ಇಲ್ಲ. ಬಾಗಿಲ ಸದ್ದಿಗೆ ಮೊದಲು ಬೊಗಳುತ್ತಿದ್ದವನು ಇಲ್ಲ. ಹಿರಿಯ ನಾಯಿಯನ್ನು ನೋಡಿಯೇ ಎಷ್ಟೋ ಕಿರಿಯ ನಾಯಿಗಳು ಯಾವಾಗ ಹೆದರಬೇಕು, ಯಾವಾಗ ಹೆದರಬೇಕಿಲ್ಲ ಎಂದು ನಿರ್ಧರಿಸುತ್ತವೆ. ಆ ಆಸರೆ ಹೋಗಿದೆ.

ಮನೆಯವರ ದುಃಖವೂ ಅವಳಿಗೆ ತಾಗುತ್ತದೆ. ಅದೇ ಇಟಲಿಯ ಅಧ್ಯಯನದಲ್ಲಿ ಮಾಲೀಕರ ದುಃಖ ಹೆಚ್ಚಿದ್ದಲ್ಲಿ ನಾಯಿಯ ಬದಲಾವಣೆಯೂ ಹೆಚ್ಚಿತ್ತು. ಸ್ವೀಡನ್ನಿನ ಲಿಂಶೋಪಿಂಗ್ ವಿಶ್ವವಿದ್ಯಾಲಯದವರು 2019ರಲ್ಲಿ 58 ನಾಯಿಗಳ ಮತ್ತು ಅವುಗಳ ಮಾಲೀಕರ ಕೂದಲಿನಲ್ಲಿ ಕಾರ್ಟಿಸಾಲ್ ಅಳೆದರು. ಕೂದಲಿನಲ್ಲಿ ತಿಂಗಳುಗಳ ಒತ್ತಡದ ಲೆಕ್ಕ ಉಳಿದಿರುತ್ತದೆ. ಮಾಲೀಕರದ್ದು ಏರಿದ್ದಲ್ಲಿ ನಾಯಿಯದ್ದೂ ಏರಿತ್ತು. ಇದನ್ನು ಓದಿ ನೀವು ಅಳು ನುಂಗಬೇಕಾಗಿಲ್ಲ. ಚಿನ್ನಿಯ ಪಕ್ಕ ಕೂತು ಅತ್ತರೂ ಸರಿ. ದಿನಚರಿ ಕೆಡದಿದ್ದರೆ ಸಾಕು.

ಬೆಕ್ಕಿಗೆ ಏನೂ ಆಗಿಲ್ಲ ಎಂದಿದ್ದೀರಿ. ಇರಬಹುದು. ಟೈಗರ್ ಅದನ್ನು ಅಟ್ಟಾಡಿಸುತ್ತಿದ್ದರೆ ಅದಕ್ಕೀಗ ನಿರಾಳವೂ ಆಗಿರಬಹುದು. ಆದರೆ ಬೆಕ್ಕು ತನ್ನ ಸಂಕಟವನ್ನು ಮುಚ್ಚಿಡುವ ಪ್ರಾಣಿ. ಬೆಕ್ಕಿಗೆ ಯಾರೂ ಬೇಡ ಎಂಬ ಮಾತೂ ನಿಜವಲ್ಲ. ಮನುಷ್ಯರ ಮಕ್ಕಳು ತಾಯಿಗೆ ಹೇಗೆ ಅಂಟಿಕೊಂಡಿದ್ದಾರೆ ಎಂದು ನೋಡಲು ಬಳಸುವ ಪರೀಕ್ಷೆಯಂಥದ್ದನ್ನೇ ಅಮೆರಿಕದ ಕ್ರಿಸ್ಟಿನ್ ವಿಟಾಲೆ ಮತ್ತು ಸಂಗಡಿಗರು ಬೆಕ್ಕುಗಳ ಮೇಲೆ ಮಾಡಿ 2019ರಲ್ಲಿ ಪ್ರಕಟಿಸಿದರು. ಸುಮಾರು ಶೇ. 65ರಷ್ಟು ಬೆಕ್ಕುಗಳು, ಸಾಕಿದವರು ಕೋಣೆಗೆ ವಾಪಸ್ ಬಂದ ಕೂಡಲೇ ಒತ್ತಡ ಇಳಿದು ನಿರಾಳವಾಗಿ ಸುತ್ತಾಡತೊಡಗಿದವು. ಒಟ್ಟಿಗಿದ್ದ ಪ್ರಾಣಿ ಸತ್ತಾಗ ಬೆಕ್ಕುಗಳ ನಿದ್ದೆ, ಊಟ, ಆಟ ಬದಲಾಗುತ್ತವೆ ಎಂದು 2024ರ ಇನ್ನೊಂದು ಅಧ್ಯಯನ ಹೇಳಿದೆ.

ನಿಮ್ಮ ಬೆಕ್ಕು ಹೆಚ್ಚು ಹೊತ್ತು ಅಡಗಿ ಕೂರುತ್ತಿದೆಯಾ, ಒಂದೇ ಕಡೆ ನೆಕ್ಕಿ ನೆಕ್ಕಿ ಕೂದಲು ಉದುರಿಸಿಕೊಂಡಿದೆಯಾ, ಎತ್ತರದ ಜಾಗಕ್ಕೆ ಹಾರುವುದು ಬಿಟ್ಟಿದೆಯಾ ನೋಡಿ. ಗುರುಗುಟ್ಟುತ್ತಿದೆ, ಆದ್ದರಿಂದ ಖುಷಿಯಾಗಿದೆ ಎಂದುಕೊಳ್ಳಬೇಡಿ. ನೋವಿನಲ್ಲಿರುವ, ಹೆದರಿದ ಬೆಕ್ಕೂ ಗುರುಗುಟ್ಟುತ್ತದೆ. ಬೆಕ್ಕು ಎರಡು ದಿನ ಏನೂ ತಿನ್ನದಿದ್ದರೆ ಕಾಯಲೇಬೇಡಿ. ಉಪವಾಸದಲ್ಲಿ ಬೆಕ್ಕಿನ ಲಿವರ್‌ಗೆ ಕೊಬ್ಬು ತುಂಬಿಕೊಂಡು ಜೀವಕ್ಕೇ ಅಪಾಯವಾಗುತ್ತದೆ. ಅದರ ಜೊತೆ ಮಾತಾಡುವ ಒಂದು ಸುಲಭ ದಾರಿಯೂ ಇದೆ. ಸ್ವಲ್ಪ ದೂರದಲ್ಲಿ ಕೂತು, ಅದರ ಕಡೆ ನೋಡಿ, ಕಣ್ಣನ್ನು ನಿಧಾನವಾಗಿ ಅರೆಮುಚ್ಚಿ ತೆರೆಯಿರಿ. ಹೀಗೆ ಮಾಡಿದಾಗ ಬೆಕ್ಕುಗಳೂ ಕಣ್ಣು ಅರೆಮುಚ್ಚಿ ಉತ್ತರಿಸುತ್ತವೆ, ಹತ್ತಿರ ಬರಲು ಹೆಚ್ಚು ಒಪ್ಪುತ್ತವೆ ಎಂದು ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ತೋರಿಸಿದ್ದಾರೆ.

ನಾಯಿಯನ್ನು ಓದುವಾಗ ನಾವು ಮಾಡುವ ಇನ್ನೊಂದು ತಪ್ಪು, ನಾಯಿಯನ್ನು ಬಿಟ್ಟು ಸುತ್ತಲಿನ ಸಂಗತಿಯನ್ನು ನೋಡುವುದು. ಅಮೆರಿಕದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಒಂದೇ ನಾಯಿಯ ವಿಡಿಯೊವನ್ನು ಬೇರೆ ಬೇರೆ ಹಿನ್ನೆಲೆಗೆ ಜೋಡಿಸಿ ಜನರಿಗೆ ತೋರಿಸಿದರು. ಪಕ್ಕದಲ್ಲಿ ಇಷ್ಟದ ವಸ್ತು ಕಂಡರೆ ನಾಯಿ ಖುಷಿಯಾಗಿದೆ ಎಂದರು, ಹೆದರಿಸುವ ವಸ್ತು ಕಂಡರೆ ಹೆದರಿದೆ ಎಂದರು. ನಾಯಿ ಮಾತ್ರ ಅದೇ ಇತ್ತು. ಆದ್ದರಿಂದ ಇಡೀ ಮೈಯನ್ನು ನೋಡುವ ಅಭ್ಯಾಸ ಮಾಡಿ. ಬಾಲ ಅಲ್ಲಾಡಿದ ಮಾತ್ರಕ್ಕೆ ಸಂತೋಷ ಅಲ್ಲ. ಸೊಂಟದವರೆಗೆ ಮೈ ಸಡಿಲವಾಗಿ ಬಳುಕುತ್ತಿದ್ದರೆ ಖುಷಿ. ಮೈ ಸೆಟೆದು, ಬಾಲ ಮೇಲೆತ್ತಿ ಚಿಕ್ಕದಾಗಿ ವೇಗವಾಗಿ ಅಲ್ಲಾಡುತ್ತಿದ್ದರೆ ಹುಷಾರಾಗಿರಿ. ಹಸಿವಿಲ್ಲದಾಗ ತುಟಿ ನೆಕ್ಕುವುದು, ನಿದ್ದೆ ಬಾರದಿದ್ದರೂ ಆಕಳಿಸುವುದು, ಕಣ್ಣಿನ ಬಿಳಿಭಾಗ ಕಾಣುವಂತೆ ಓರೆಯಾಗಿ ನೋಡುವುದು, ಒದ್ದೆಯಾಗದಿದ್ದರೂ ಮೈ ಕೊಡವುವುದು ಇವೆಲ್ಲ ಕಸಿವಿಸಿಯ ಗುರುತುಗಳು. ಮಕ್ಕಳು ತಬ್ಬಿಕೊಂಡಾಗ ನಾಯಿ ಹೀಗೆ ಮಾಡಿದರೆ ತಕ್ಷಣ ಬಿಡಿಸಿ. ಗುರ್ ಅಂದಿದ್ದಕ್ಕೆ ಬೈಯಬೇಡಿ. ಗುರ್ ಅನ್ನುವುದು ಎಚ್ಚರಿಕೆ. ಅದನ್ನು ಬೈದು ನಿಲ್ಲಿಸಿದರೆ ಮುಂದಿನ ಸಲ ಎಚ್ಚರಿಕೆ ಇಲ್ಲದೆಯೇ ಕಚ್ಚಬಹುದು.

ಈಗ ಚಿನ್ನಿಗೆ ಏನು ಮಾಡಬೇಕು ಎಂಬುದಕ್ಕೆ ಬರುತ್ತೇನೆ. ನಾಳೆ ಹೊರಗೆ ಹೋಗುವಾಗ ಒಂದು ಹಳೆಯ ಫೋನಿನಲ್ಲಿ ವಿಡಿಯೊ ಹಾಕಿಟ್ಟು ಹೋಗಿ. ಒಂಟಿತನದ ಸಂಕಟ ಸಾಮಾನ್ಯವಾಗಿ ನೀವು ಹೋದ ಮೊದಲ ಅರ್ಧ ಗಂಟೆಯೊಳಗೇ ಶುರುವಾಗುತ್ತದೆ. ಅವಳು ಬಾಗಿಲ ಹತ್ತಿರ ಏದುಸಿರು ಬಿಡುತ್ತಾ ತಿರುಗುತ್ತಿದ್ದರೆ ಅದು ಭಯ. ಎರಡು ಗಂಟೆ ಆರಾಮಾಗಿ ನಿದ್ದೆ ಮಾಡಿ, ಎದ್ದು, ಆಮೇಲೆ ಚಪ್ಪಲಿ ಹಿಡಿದುಕೊಂಡರೆ ಅದು ಬೇಸರ. ಬೇಸರಕ್ಕೆ ಮದ್ದು ಸುಲಭ. ಬೆಳಿಗ್ಗೆ ಉದ್ದದ ವಾಕಿಂಗ್, ಅವಳಿಗೆ ಮನಸ್ಸು ಬಂದಷ್ಟು ಮೂಸಲು ಸಮಯ, ತಿಂಡಿಯನ್ನು ಬಟ್ಟೆಯ ಮಡಿಕೆಗಳಲ್ಲಿ ಅಡಗಿಸಿಟ್ಟು ಹುಡುಕಲು ಬಿಡುವುದು.

ಭಯಕ್ಕೆ ತಾಳ್ಮೆ ಬೇಕು. ಅವಳು ತಡೆದುಕೊಳ್ಳಬಲ್ಲಷ್ಟು ಚಿಕ್ಕ ಅಗಲಿಕೆಯಿಂದ ಶುರು ಮಾಡಿ. ಬಾಗಿಲ ಆಚೆ ಹೋಗಿ ಹತ್ತು ಸೆಕೆಂಡಿಗೆ ಬನ್ನಿ. ಆರಾಮಾಗಿದ್ದರೆ ಅರ್ಧ ನಿಮಿಷ, ಆಮೇಲೆ ಎರಡು ನಿಮಿಷ. ಬೀಗದ ಕೈ ಸದ್ದಿಗೇ ಅವಳು ಕಂಗಾಲಾಗುತ್ತಿದ್ದರೆ, ಸುಮ್ನೆ ಬೀಗದ ಕೈ ಎತ್ತಿಕೊಂಡು ಮನೆಯಲ್ಲೇ ಕೂತುಕೊಳ್ಳಿ. ಆ ಸದ್ದಿಗಿರುವ ಹೆದರಿಕೆಯ ಅರ್ಥ ಕಳಚಿಹೋಗಲಿ. ಈ ಅಭ್ಯಾಸ ನಡೆಯುವ ವಾರಗಳಲ್ಲಿ, ಆದಷ್ಟು ಮಟ್ಟಿಗೆ, ಯಾರಾದರೂ ಒಬ್ಬರು ಅವಳ ಜೊತೆ ಇರುವಂತೆ ನೋಡಿಕೊಳ್ಳಿ. ಇದು ಕಷ್ಟ ಎಂದು ಗೊತ್ತು. ಆದರೆ ದಿನಾ ಎಂಟು ಗಂಟೆ ಸಂಕಟಪಟ್ಟರೆ ಹತ್ತು ಸೆಕೆಂಡಿನ ಪಾಠ ಉಳಿಯುವುದಿಲ್ಲ. ಭಯ ತೀರಾ ಜಾಸ್ತಿ ಇದ್ದರೆ ಪಶುವೈದ್ಯರು ಔಷಧಿಯನ್ನೂ ಕೊಡಬಲ್ಲರು. ಔಷಧಿ ಕೊಡುವುದು ಸೋಲಲ್ಲ. ಕಲಿಯುವಷ್ಟು ನೆಮ್ಮದಿಯನ್ನು ಅದು ತಂದುಕೊಡುತ್ತದೆ. ಮನುಷ್ಯರ ಮಾತ್ರೆಯನ್ನು ಮಾತ್ರ ನೀವಾಗಿಯೇ ಯಾವತ್ತೂ ಕೊಡಬೇಡಿ.

"ಹೆದರಿದಾಗ ಮುದ್ದು ಮಾಡಿದರೆ ಹೆದರಿಕೆ ಜಾಸ್ತಿಯಾಗುತ್ತದೆ" ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಭಯ ಬಹುಮಾನಕ್ಕಾಗಿ ಮಾಡುವ ಕೆಲಸವಲ್ಲ. ಅವಳು ತಾನಾಗಿ ಬಂದು ಒರಗಿದರೆ ಕೈಯಿಟ್ಟು ಸವರಿ. ದೂರ ಇರಲು ಬಯಸಿದರೆ ಬಿಡಿ. ತಿನ್ನಿಸಲು ಬಾಯಿಗೆ ತುರುಕಬೇಡಿ. ಮೊದಲಿನ ಹೊತ್ತಿಗೇ ಬಟ್ಟಲು ಇಡಿ, ಸ್ವಲ್ಪ ಬೆಚ್ಚಗೆ ಮಾಡಿದರೆ ವಾಸನೆ ಚೆನ್ನಾಗಿ ಬರುತ್ತದೆ. ಕಾಲು ಗಂಟೆ ನೋಡಿ ಎತ್ತಿಡಿ. ಮನೆಗೆ ಬಂದಾಗ ದಿಂಬು ಹರಿದಿದ್ದರೆ, ಅವಳನ್ನು ಮಾಮೂಲಿನಂತೆ ಮಾತಾಡಿಸಿ, ಅವಳು ಬೇರೆ ಕೋಣೆಯಲ್ಲಿದ್ದಾಗ ಅದನ್ನು ಎತ್ತಿ ಹಾಕಿ.

ಇನ್ನೊಂದು ನಾಯಿಯ ವಿಷಯದಲ್ಲಿ ನನ್ನ ಸಲಹೆ, ಈಗಲೇ ಬೇಡ. ಚಿನ್ನಿ ಹುಡುಕುತ್ತಿರುವುದು ಯಾವುದೋ ನಾಯಿಯನ್ನಲ್ಲ, ಟೈಗರ್‌ನನ್ನು. ಮನಸ್ಸು ಕುಗ್ಗಿರುವ ಹೊತ್ತಿನಲ್ಲಿ ಹೊಸ ಮರಿಯೊಂದು ಬಂದು ಮೈಮೇಲೆ ಹಾರಿದರೆ ಅವಳಿಗೆ ಅದು ಇನ್ನೊಂದು ಹೊರೆ. ಅವಳು ಮತ್ತೆ ಸರಿಯಾಗಿ ತಿಂದು, ವಾಕಿಂಗ್‌ನಲ್ಲಿ ಬೇರೆ ನಾಯಿಗಳನ್ನು ಕಂಡು ತಾನಾಗಿ ಆಟಕ್ಕೆ ಕರೆಯುವ ದಿನ ಬರಲಿ. ಮುಂಗಾಲು ನೆಲಕ್ಕೂರಿ, ಹಿಂಭಾಗ ಮೇಲೆತ್ತಿ ಬಗ್ಗುತ್ತಾಳಲ್ಲ, ಅದೇ ಆಟದ ಕರೆ. ಅದನ್ನು ನೋಡಿದ ಮೇಲೆ ಹೊಸ ನಾಯಿಯ ಬಗ್ಗೆ ಯೋಚಿಸಿ. ತರುವ ಮೊದಲು ಎರಡನ್ನೂ ಹೊರಗೆ, ಎರಡರ ಮನೆಯೂ ಅಲ್ಲದ ಜಾಗದಲ್ಲಿ, ಕೆಲವು ಸಲ ಭೇಟಿ ಮಾಡಿಸಿ.

ಟೈಗರ್ ಹಾಸಿಗೆಯನ್ನು ಎತ್ತಬೇಡಿ, ಈಗಲೇ ಒಗೆಯಲೂ ಬೇಡಿ. ಅವನ ವಾಸನೆ ದಿನದಿಂದ ದಿನಕ್ಕೆ ತಾನಾಗಿ ಇಳಿಯುತ್ತದೆ. ಅವಳು ಅಲ್ಲಿ ಮಲಗುವುದನ್ನು ತಾನಾಗಿ ಬಿಟ್ಟ ಮೇಲೆ ತೆಗೆದರಾಯಿತು. ಅಲ್ಲಿಯವರೆಗೆ, ಸಂಜೆ ಹೊತ್ತು ಆ ಹಾಸಿಗೆಯ ಪಕ್ಕದಲ್ಲಿ ನೀವೂ ಹೋಗಿ ಸ್ವಲ್ಪ ಹೊತ್ತು ಕೂತುಕೊಳ್ಳಿ.